ಬೇಲಿಯ ಏಳು ಹಲಗೆ

ಹದಿನೈದು ದಿನ ನಾನು ಬಣ್ಣದ ಕಾರ್ಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಪೇಂಟಿನ ಅಂಗಡಿಯವರು ಪುಕ್ಕಟೆ ಕೊಡುತ್ತಾರಲ್ಲ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಕಾರ್ಡು, ಅದೇ. ಜೇಬಿಗಿಂತ ಅದು ಉದ್ದ. ಅರ್ಧ ಒಳಗೆ, ಅರ್ಧ ಹೊರಗೆ. ಹಾಗಾಗಿ ಕಂಡವರೆಲ್ಲ, "ಏನ್ರಿ, ಮನಿಗಿ ಬಣ್ಣ ಹಚ್ಚಾಕತ್ತೀರೇನು?" ಎಂದು ಕೇಳುತ್ತಿದ್ದರು. ಮನೆಗಲ್ಲ, ಬೇಲಿಗೆ ಎಂದರೆ ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಿದ್ದರು. ಅವರ ತಪ್ಪೂ ಇಲ್ಲ. ನಮ್ಮ ಕಡೆ ಬೇಲಿ ಎಂದರೆ ಜಾಲಿಯ ಮುಳ್ಳು, ಅದು ಹೊಲಕ್ಕೆ. ಮನೆಗೆ ಕಂಪೌಂಡ್ ಗೋಡೆ, ಅದರ ತಲೆಯ ಮೇಲೆ ಗಾಜಿನ ಚೂರು, ನಡುವೆ ಒಂದು ಕಬ್ಬಿಣದ ಗೇಟು.

ವಿಜಾಪುರ ರಸ್ತೆಯಲ್ಲಿ ಹೋದ ವರ್ಷ ನಾನು ಕಟ್ಟಿಸಿದ ಮನೆಗೆ ಮಾತ್ರ ಮುಂದುಗಡೆ ಕಟ್ಟಿಗೆಯ ಬೇಲಿ. ಎದೆಯುದ್ದದ ಹಲಗೆಗಳು, ಒಂದರ ಪಕ್ಕದಲ್ಲಿ ಒಂದು. ಅದನ್ನು ನಿಲ್ಲಿಸಿದ ದಿನ ಎದುರು ಮನೆಯವರು ಬಂದು ಕೈ ಹಿಂದೆ ಕಟ್ಟಿಕೊಂಡು ಉದ್ದಕ್ಕೂ ನೋಡಿ, "ಶೇಳ್ಯಾ ಪಾಳಣಾರ ಕಾ?" ಎಂದು ಮರಾಠಿಯಲ್ಲಿ ವಿಚಾರಿಸಿದರು. ಆಡು ಸಾಕುತ್ತೀರೇನು ಎಂದು. ನಾನು ನಕ್ಕುಬಿಟ್ಟೆ. ನಿಜವಾದ ಕಾರಣವನ್ನು ರಸ್ತೆಯಲ್ಲಿ ನಿಂತು ಹೇಳುವಂತಿರಲಿಲ್ಲ.

ನಾನು ಟವೆಲ್ ಮಾರುವವನು. ಸೊಲ್ಲಾಪುರದಲ್ಲಿ ಟವೆಲು, ಚಾದರ ಮಾರುವುದು ವಿಶೇಷವೇನಲ್ಲ, ಕಲ್ಲು ಎಸೆದರೆ ನಮ್ಮಂಥವನಿಗೇ ಬೀಳುತ್ತದೆ. ಇಷ್ಟು ವರ್ಷ ಗಾದಿಯ ಮೇಲೆ ಕೂತು, ಒಂದೇ ನಮೂನೆಯ ಎರಡು ಟವೆಲ್ ಹಿಡಿದು ಅರ್ಧ ತಾಸು ನಿಲ್ಲುವ ಗಿರಾಕಿಗಳನ್ನು ಕಂಡು ಒಳಗೊಳಗೇ ನಕ್ಕಿದ್ದೇನೆ. ಎರಡೂ ಮೈಯನ್ನೇ ಒರೆಸುತ್ತವೆ, ಯಾವುದಾದರೊಂದು ತೆಗೆದುಕೊಂಡು ಹೋಗಬಾರದೇ ಎನಿಸುತ್ತಿತ್ತು. ಈಗ ನೋಡಿ, ಆ ಗಿರಾಕಿಗಳೆಲ್ಲರ ಶಾಪ ಒಟ್ಟಿಗೇ ತಟ್ಟಿತು. ಪೇಂಟೋ, ಸ್ಟೇನೋ? ಇಷ್ಟೇ ಪ್ರಶ್ನೆ. ಬೆಳಿಗ್ಗೆ ಪೇಂಟ್ ಎಂದು ನಿರ್ಧರಿಸಿ ಅಂಗಡಿಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಸ್ಟೇನ್ ಆಗಿರುತ್ತಿತ್ತು.

ಇವೆರಡರ ವ್ಯತ್ಯಾಸವನ್ನು ನನಗೆ ತಿಳಿಸಿ ಹೇಳಿದವನು ಮೌಲಾಲಿ ಮಿಸ್ತ್ರಿ. ಬೇಲಿ ನಿಲ್ಲಿಸಿದವನೂ ಅವನೇ, ಬಣ್ಣ ಹಚ್ಚಬೇಕಾದವನೂ ಅವನೇ. ಹಲಗೆಯ ಮೇಲೆ ಅಂಗೈ ಆಡಿಸುತ್ತ ಹೇಳಿದ: "ಶೇಟ್, ಸ್ಟೇನ್ ಅಂದ್ರ ಕಟ್ಟಿಗಿ ಅದನ್ನ ಕುಡೀತದ. ಬಣ್ಣ ಬರತದ ಖರೆ, ಒಳಗಿನ ನಾರು, ಗಂಟು, ಮೊಳಿ ತೂತು ಎಲ್ಲಾ ಹಾಂಗ ಕಾಣತಾವ. ಪೇಂಟ ಅಂದ್ರ ಮ್ಯಾಲ ಕೂಡತದ. ಮೊದಲ ಪುಟ್ಟಿ ಹಾಕತೀನಿ, ಈ ತಗ್ಗ ಎಲ್ಲಾ ಮುಚ್ಚತಾವ. ಮ್ಯಾಲ ಎರಡ ಕೋಟ್ ಹೊಡದ್ರ ನೋಡಿದಾಂವ ಹೊಸಾ ಕಟ್ಟಿಗಿ ಅನಬೇಕು."

"ಸ್ಟೇನಿಗಿ ಪುಟ್ಟಿ ನಡಿಯೂದಿಲ್ಲೇನು?" ಎಂದೆ.

"ಹ್ಯಾಂಗ ನಡೀತದ್ರಿ? ಬಿಳೀ ಕಲಿ ಆಗಿ ಕಾಣತದ. ಒಂದ ಮುಚ್ಚರಿ, ಇಲ್ಲಾ ಒಂದ ತೋರಸ್ರಿ. ಎರಡೂ ಆಗೂದಿಲ್ಲ."

ಪಾಪ, ಅವನು ಕಟ್ಟಿಗೆಯ ಮಾತು ಹೇಳುತ್ತಿದ್ದ. ನನಗೆ ಮಾತ್ರ ಯಾರೋ ಎದೆಯ ಮೇಲೆ ಬೆರಳಿಟ್ಟ ಹಾಗಾಯಿತು. ಯಾಕೆಂದರೆ ಅವನು ಹೇಳಿದ ಆ ತಗ್ಗುಗಳು ಇದ್ದದ್ದು ಏಳೇ ಏಳು ಹಲಗೆಗಳಲ್ಲಿ. ಒಂದೊಂದರ ಅಂಚಿನಲ್ಲೂ ಮೊಳದಂತರದಲ್ಲಿ ಎರಡು ತಗ್ಗು, ಹೆಬ್ಬೆರಳು ಸರಿಯಾಗಿ ಕೂರುವಷ್ಟು. ಅವು ಹೇಗೆ ಬಂದವೆಂದು ಮೌಲಾಲಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ.

ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆಯ ಮನೆಯಿತ್ತು. ಪಡಸಾಲೆಗೆ ಅಡ್ಡಲಾಗಿ ಒಂದು ದಪ್ಪನೆಯ ಬೇವಿನ ತೊಲೆ. ನಮ್ಮ ಹೊಲದ ಬೇವಿನ ಮರವನ್ನೇ ಕಡಿಸಿ ಅಜ್ಜ ಏರಿಸಿದ್ದಂತೆ. ನಾಗರಪಂಚಮಿ ಬಂದರೆ ಜೋಕಾಲಿ ಆ ತೊಲೆಗೇ. ಕಟ್ಟುವ ಹಕ್ಕು ನನ್ನ ಅಕ್ಕನಿಗೆ. ಕಮಲಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಿಚ್ಚಣಿಕೆ ಏರಿ, ಹೊಸ ಹಗ್ಗವನ್ನು ತೊಲೆಯ ಸುತ್ತ ತಂದು ಗಂಟು ಹಾಕುವಳು. ನನ್ನ ಕೆಲಸ ಕೆಳಗೆ ನಿಚ್ಚಣಿಕೆ ಹಿಡಿಯುವುದು. ಹಿಡಿದಿದ್ದೆನೋ, ಅದಕ್ಕೆ ಜೋತುಬಿದ್ದಿದ್ದೆನೋ, ಈಗ ಹೇಳಲಾರೆ. ಆಮೇಲೆ ಅವಳು ಜೋಕಾಲಿಯ ಮಣೆಯ ಮೇಲೆ ನಿಲ್ಲುವಳು, ನಾನು ನೂಕುವವನು. ಅವಳ ಪಾದ ಎದುರಿನ ಜಂತಿಗೆ ತಾಗಬೇಕು. ತಾಗಿದರೆ ನನಗೆ ಒಂದು ಎಳ್ಳುಂಡೆ. ಎಳ್ಳುಂಡೆಯ ಆಸೆಗೆ ನಾನು ಎಂಥ ಜೋರಿನಿಂದ ನೂಕುತ್ತಿದ್ದೆನೆಂದರೆ, ಒಮ್ಮೆ ನೂಕಿದ ರಭಸಕ್ಕೆ ನಾನೇ ಮುಗ್ಗರಿಸಿ ಜೋಳದ ಅರಳಿನ ಮೊರದೊಳಗೆ ಬಿದ್ದೆ. ತಲೆಯ ತುಂಬ ಅರಳು. ಅಕ್ಕ ಮೇಲಿನಿಂದಲೇ ನಗುತ್ತ ನಗುತ್ತ ಮೂರು ಸಲ ಹೋಗಿ ಬಂದಳು, ಇಳಿಯಲಿಲ್ಲ.

ಹಬ್ಬಕ್ಕೆ ಮೊದಲು ಅವ್ವ ಕಟ್ಟಿಗೆಗೆ ಎಣ್ಣೆ ಕೊಡುತ್ತಿದ್ದಳು. ಬಾಗಿಲು, ಚೌಕಟ್ಟು, ಕಂಬ, ತೊಲೆ, ಯಾವುದನ್ನೂ ಬಿಡದೆ ಹಳೆಯ ಧೋತರದ ತುಂಡಿನಿಂದ ತಿಕ್ಕುವಳು. ಗಾಣದ ಕುಸುಬಿ ಎಣ್ಣೆ. "ಕಟ್ಟಿಗಿ ಒಣಗಿದ್ರ ಹಗ್ಗ ಕಡೀತದ" ಎನ್ನುವಳು. ಮನೆಯೆಲ್ಲ ಒಂದು ಥರದ ಸುಟ್ಟ ವಾಸನೆ, ಅದರ ಜೊತೆ ಬೆಲ್ಲದ ಪಾಕದ ವಾಸನೆ. ಎಷ್ಟೇ ಎಣ್ಣೆ ಕೊಟ್ಟರೂ ಹಗ್ಗ ತನ್ನ ಕೆಲಸ ಬಿಡಲಿಲ್ಲ. ವರ್ಷ ವರ್ಷವೂ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ತೊಲೆಯಲ್ಲಿ ಎರಡು ತಗ್ಗು ಮಾಡಿತು.

ಪಂಚಮಿಯ ಇನ್ನೊಂದು ಕಟ್ಟಳೆಯನ್ನೂ ಇಲ್ಲಿ ಹೇಳಬೇಕು. ಆ ದಿನ ಏನನ್ನೂ ಹೆಚ್ಚಬಾರದು, ಕೊಯ್ಯಬಾರದು, ನೆಲ ಅಗೆಯಬಾರದು. ಹಂಚು, ಬಾಣಲೆ ಒಲೆ ಏರಬಾರದು. ಕುದಿಸಿದ್ದು, ಹಬೆಯಲ್ಲಿ ಬೇಯಿಸಿದ್ದು ಮಾತ್ರ ಉಣ್ಣಬೇಕು. ನಾಗಪ್ಪನಿಗೆ ನೋವಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಒಮ್ಮೆ ನಾನು ಪಂಚಮಿಯ ದಿನವೇ ಅಪ್ಪನ ಬ್ಲೇಡಿನಿಂದ ಉಗುರು ತೆಗೆದುಕೊಂಡೆ. ಗೋಡೆಯ ಮೇಲೆ ಬರೆದ ಹಾವಿನ ಚಿತ್ರದ ಮುಂದೆ ನಿಲ್ಲಿಸಿ ಅವ್ವ ಕೈಮುಗಿಸಿದಳು. ತೆಗೆದ ಉಗುರನ್ನು ಹುಡುಕಿಕೊಂಡು ನಿಜವಾದ ಹಾವೇ ಬರುತ್ತದೆಂದು ಎಂಟು ದಿನ ನಾನು ಕಾಲು ಮಡಚಿಕೊಂಡೇ ಮಲಗಿದೆ.

ಕಮಲಕ್ಕನನ್ನು ವಳಸಂಗಕ್ಕೆ ಕೊಟ್ಟರು. ಹೊಲಮನೆ ಇರುವ ಒಳ್ಳೆಯ ಮನೆತನ. ಮದುವೆಯಾದ ಮೇಲೂ ಅವಳು ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ. ಅಪ್ಪ ಹೋದ, ಅವ್ವ ಹೋದಳು. ನಾನು ಸೊಲ್ಲಾಪುರದ ಅಂಗಡಿ ಹಿಡಿದೆ, ಹಳ್ಳಿಯ ಮನೆಗೆ ಬೀಗ ಬಿತ್ತು. ಆದರೂ ಪಂಚಮಿಗೆ ಅಕ್ಕ ಉಂಡೆಯ ಡಬ್ಬಿ, ಒಂದು ಹೊಸ ಹಗ್ಗ ತೆಗೆದುಕೊಂಡು ಬಸ್ಸಿಳಿದು ಬೀಗ ತೆಗೆಯುವಳು. ಕಸ ಹೊಡೆದು ಜೋಕಾಲಿ ಕಟ್ಟುವಳು. ನಾನು ಮಧ್ಯಾಹ್ನದ ಹೊತ್ತಿಗೆ ಹೋಗಿ, ಉಂಡು, ನಾಲ್ಕು ಸಲ ನೂಕಿ ತಿರುಗಿ ಬರುವವನು. ಮೊಣಕಾಲು ನೋವಿದ್ದರೂ ಅವಳಿಗೆ ಜೋಕಾಲಿ ಬೇಕು. ತವರುಮನೆ ಎಂದರೆ ಅವಳಿಗೆ ಆ ತೊಲೆ, ನಾನು ಬರೀ ನೂಕುವ ಆಳು ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ನಾಲ್ಕು ವರ್ಷದ ಹಿಂದೆ ಹಳ್ಳಿಯ ಮನೆಯ ಹಿಂದಿನ ಗೋಡೆ ವಾಲಿತು. ಇಳಿಸಬೇಕು ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ದೀಪಾವಳಿ ಆದಮೇಲೆ ಇಬ್ಬರೂ ಕೂತು ಮಾತಾಡೋಣ ಎಂದಳು, ಆಗಲಿ ಎಂದೆ. ಆದರೆ ಶ್ರಾವಣದಲ್ಲೇ ಕಟ್ಟಿಗೆ ಕೊಯ್ಯುವ ಮಷೀನಿನವನು ಬಂದ. ಈಗ ಪುರಸತ್ತು ಇದೆ, ಈಗ ಬಿಟ್ಟರೆ ಮುಂದೆ ಆರು ತಿಂಗಳು ಸಿಗುವುದಿಲ್ಲ ಎಂದ. ವ್ಯಾಪಾರಿಯ ಬುದ್ಧಿ ನೋಡಿ, ಸಿಕ್ಕಿದ್ದನ್ನು ಬಿಡಬಾರದೆಂದು ಆಳು ಹಚ್ಚಿ ಮಾಳಿಗೆ ಇಳಿಸಿದೆ, ಅವನಿಗೆ ಬಾ ಎಂದುಬಿಟ್ಟೆ. ಯಾವ ದಿನ ಎಂದು ನೋಡಲಿಲ್ಲ. ನನ್ನ ತಲೆಯ ಮೇಲೆಯೇ ಕ್ಯಾಲೆಂಡರ್ ತೂಗುತ್ತಿತ್ತು. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಕೊಡಲೆಂದು ಆ ವಾರವೆಲ್ಲ ಜನ ನನ್ನ ಅಂಗಡಿಯಲ್ಲಿಯೇ ಚಾದರ ಕೊಂಡಿದ್ದರು. ನಾನೇ ಕಟ್ಟಿಕೊಟ್ಟಿದ್ದೆ.

ಪಂಚಮಿಯ ದಿನ ಬೆಳಿಗ್ಗೆ ಅಕ್ಕ ಬಸ್ಸಿಳಿದು ಓಣಿಗೆ ಬಂದಾಗ ಮಾಳಿಗೆ ಇರಲಿಲ್ಲ. ತೊಲೆ ಅಂಗಳದಲ್ಲಿ ಬಿದ್ದಿತ್ತು, ಮಷೀನು ಅದರ ನಡುವಿನಿಂದ ಓಡುತ್ತಿತ್ತು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಮಷೀನು ನಿಲ್ಲುವವರೆಗೂ ನಿಂತುಕೊಂಡಿದ್ದಳು. ಅವಳ ಚೀಲದಿಂದ ಹೊಸ ಹಗ್ಗದ ಸುರುಳಿ ಹೊರಗೆ ಕಾಣುತ್ತಿತ್ತು. "ಇವತ್ತ ಕೊಯ್ಯಬಾರದಿತ್ತು, ತಮ್ಮಾ" ಎಂದಳು. ಉಂಡೆಯ ಡಬ್ಬಿಯನ್ನು ನನ್ನ ಕೈಗಿಟ್ಟು, ಬಂದ ಬಸ್ಸಿಗೇ ತಿರುಗಿ ಹೋದಳು. ನನಗೆ ದಿನ ನೆನಪಾದದ್ದೇ ಆವಾಗ.

ಆಮೇಲಿನ ಮೂರು ಪಂಚಮಿಗೆ ಅವಳು ಬರಲಿಲ್ಲ. ವಳಸಂಗ ಎಷ್ಟು ದೂರ ಹೇಳಿ? ಬೆಳಿಗ್ಗೆ ಅಲ್ಲಿಂದ ಬಸ್ಸು ತುಂಬ ಜನ ಸೊಲ್ಲಾಪುರಕ್ಕೆ ಕೆಲಸಕ್ಕೆ ಬರುತ್ತಾರೆ, ಸಂಜೆ ಹೋಗುತ್ತಾರೆ. ಅವರಲ್ಲಿ ಯಾರಾದರೂ ಅಂಗಡಿಗೆ ಬಂದರೆ ಕೇಳುತ್ತೇನೆ, ಅಕ್ಕ ಹೇಗಿದ್ದಾಳೆ? "ಆರಾಮ ಅದಾರ್ರಿ" ಎನ್ನುತ್ತಾರೆ. ನಾನೇ ಎರಡು ಸಲ ಹೋಗಿ ಬಂದೆ. ಚಹಾ ಕೊಟ್ಟಳು, ಊಟಕ್ಕೆ ನಿಲ್ಲು ಎಂದಳು, ಎಲ್ಲ ಸರಿಯಾಗಿಯೇ ಇತ್ತು. ತವರಿನ ಸುದ್ದಿ ಮಾತ್ರ ತೆಗೆಯಲಿಲ್ಲ. ಅಷ್ಟು ಹತ್ತಿರದಲ್ಲಿದ್ದು ಅಷ್ಟು ದೂರವಾದ ಅಕ್ಕನನ್ನು ನೆನೆಸಿಕೊಂಡು ನಾನು ಅಂಗಡಿಯಲ್ಲಿ ಮುಖ ಒರೆಸಿಕೊಂಡದ್ದುಂಟು. ಟವೆಲಿಗೇನೂ ಕೊರತೆ ಇರಲಿಲ್ಲ.

ಕೊಯ್ದ ಕಟ್ಟಿಗೆ ಗೋದಾಮಿನಲ್ಲಿ ಚಾದರದ ಗಂಟುಗಳ ಹಿಂದೆ ಬಿದ್ದಿತ್ತು. ಕೇಳಿದವರಿಗೆ ಕೊಡಲು ಮನಸ್ಸಾಗಲಿಲ್ಲ, ನೋಡಲೂ ಮನಸ್ಸಾಗಲಿಲ್ಲ. ಹೊಸ ಮನೆ ಕಟ್ಟಿದಾಗ ಮೌಲಾಲಿಯನ್ನು ಕರೆಸಿ, ಇದರಿಂದ ಬೇಲಿ ಮಾಡು ಎಂದೆ. ಏಳು ಹಲಗೆಗಳು ತೊಲೆಯ ನಡುಭಾಗದವು, ಜೋಕಾಲಿ ಕಟ್ಟುತ್ತಿದ್ದ ಜಾಗದವು. ಅವನು ತನಗೆ ತೋಚಿದ ಹಾಗೆ ಒಂದು ಇಲ್ಲಿ, ಒಂದು ಅಲ್ಲಿ ನಿಲ್ಲಿಸಿದ.

ಇಷ್ಟೆಲ್ಲ ಆದಮೇಲೆ ಈ ವರ್ಷ ನನ್ನ ಹೆಂಡತಿ ರೇಖಾ ನನ್ನನ್ನು ಕೇಳದೆ ಅಕ್ಕನಿಗೆ ಫೋನ್ ಮಾಡಿದಳು. ಪಂಚಮಿಗೆ ಬರಲೇಬೇಕು, ಹೊಸ ಮನೆಗೆ ನೀವು ಕಾಲಿಟ್ಟಿಲ್ಲ ಎಂದಳು. ಅಕ್ಕ ಒಪ್ಪಿಕೊಂಡಳಂತೆ. "ಬರತೀನಿ. ಐದರ ಬಸ್ಸಿಗಿ ಹೊಳ್ಳಿ ಹೋಗತೀನಿ" ಎಂದಳಂತೆ. ನಮ್ಮಲ್ಲಿ ಪಂಚಮಿಗೆ ಬಂದ ಹೆಣ್ಣುಮಗಳು ಅದೇ ಸಂಜೆ ಹೋದರೆ ಅದು ಬಂದ ಲೆಕ್ಕವಲ್ಲ. ನೆಂಟರ ಮನೆಗೆ ಹೋಗಿ ಬಂದ ಹಾಗೆ. ಆದರೂ ಬರುತ್ತಾಳಲ್ಲ ಎಂದು ನಾನು ಹಿಗ್ಗಿದೆ, ಮರುಗಳಿಗೆಯೇ ಬೇಲಿ ನೆನಪಾಗಿ ಕುಗ್ಗಿದೆ.

ಈಗ ನೀವೇ ಹೇಳಿ. ಪೇಂಟ್ ಹೊಡೆಸಿದರೆ ಪುಟ್ಟಿಯೊಳಗೆ ತಗ್ಗು ಮುಚ್ಚಿ ಹೋಗುತ್ತವೆ, ಅಕ್ಕನಿಗೆ ಗೊತ್ತಾಗುವುದಿಲ್ಲ. ಉಂಡು, ಉಡಿ ತುಂಬಿಸಿಕೊಂಡು, ನಗುತ್ತ ಹೋಗುತ್ತಾಳೆ. ಸ್ಟೇನ್ ಹಚ್ಚಿಸಿದರೆ ಗೇಟಿನಲ್ಲೇ ಅವಳಿಗೆ ತೊಲೆ ಸಿಗುತ್ತದೆ, ತುಂಡು ತುಂಡಾಗಿ, ರಸ್ತೆಯ ಧೂಳಿನಲ್ಲಿ. ಮತ್ತೊಮ್ಮೆ ಬಂದ ಬಸ್ಸಿಗೇ ತಿರುಗಿದರೆ? ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಒಂದು ಹಲಗೆಗೆ ಹಸಿರು ಪೇಂಟ್ ಬಳಿಸಿ ನೋಡಿದೆ. ಪಂಚಾಯತಿ ಆಫೀಸಿನ ಕಿಟಕಿಯ ಹಾಗೆ ಕಂಡಿತು. ಇನ್ನೊಂದಕ್ಕೆ ಕಂದು ಸ್ಟೇನ್. ಅದು ಚೆನ್ನಾಗಿಯೇ ಇತ್ತು, ಆದರೆ ಯಾರದೋ ಮನೆಯ ಕಟ್ಟಿಗೆಯ ಹಾಗಿತ್ತು. ಆಗ ಅವ್ವನ ಎಣ್ಣೆ ನೆನಪಾಯಿತು. ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಪಾಕೀಟು ತಂದು, ಅಂಗಡಿಯ ಒಂದು ಟವೆಲನ್ನೇ ಹಾಳು ಮಾಡಿ, ಮೂರನೆಯ ಹಲಗೆಗೆ ಮನಸಾರೆ ತಿಕ್ಕಿದೆ. ಬೆಳಗಾದರೆ ಒಣಗುತ್ತದೆಂದು ಕಾದೆ. ಬೆಳಗಾಯಿತು, ಒಣಗಲಿಲ್ಲ. ನಾಲ್ಕು ದಿನವಾದರೂ ಒಣಗಲಿಲ್ಲ. ವಿಜಾಪುರ ರಸ್ತೆಯ ಅಷ್ಟೂ ಧೂಳು ಬಂದು ಅಲ್ಲಿ ಕೂತಿತು. ಇರುವೆ ಬಂದವು. ಒಂದು ಕಾಗೆಯ ಗರಿಯೂ ಅಂಟಿತು. ರೇಖಾ ನೋಡಿ, "ಒಗ್ಗರಣಿ ಒಂದ ಬಾಕಿ ಅದ ನೋಡ್ರಿ" ಎಂದು ಒಳಗೆ ಹೋದಳು.

ಹಬ್ಬದ ಹಿಂದಿನ ದಿನ ಮೌಲಾಲಿ ಪುಟ್ಟಿಯ ಡಬ್ಬಿ ಹಿಡಿದುಕೊಂಡೇ ಬಂದ. "ಶೇಟ್, ಇವತ್ತ ಹೇಳಿಬಿಡ್ರಿ. ನಾಳೆ ನಿಮ್ಮ ಪಂಚಮಿ, ನಾ ಹತ್ಯಾರ ಮುಟ್ಟಂಗಿಲ್ಲ." ನಾನು ನೆಲ ನೋಡುತ್ತ ಪೇಂಟ್ ಎಂದೆ. ಅವನು ತೆಳ್ಳನೆಯ ಪಟ್ಟಿಯಿಂದ ಪುಟ್ಟಿ ತೆಗೆದು ಮೊದಲ ತಗ್ಗಿಗೆ ಎಳೆದ. ಒಂದೇ ಎಳೆತ. ತಗ್ಗು ಇದ್ದ ಜಾಗ ಗೊತ್ತೇ ಆಗಲಿಲ್ಲ. ಅವನು ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ನಾನು ಬಗ್ಗಿ ಆ ಹಸಿ ಪುಟ್ಟಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮೌಲಾಲಿ ಡಬ್ಬಿಯ ಮುಚ್ಚಳ ಹಾಕಿದ. "ಇರಲಿ ಬಿಡ್ರಿ. ಹಬ್ಬ ಆದಮ್ಯಾಲ ಬರತೀನಿ" ಎಂದು ಹೊರಟುಹೋದ.

ಹೀಗೆ ಪಂಚಮಿಯ ಬೆಳಿಗ್ಗೆ ನನ್ನ ಬೇಲಿ ಎಂಥ ಅವತಾರದಲ್ಲಿತ್ತೆಂದರೆ, ಒಂದು ಹಲಗೆ ಹಸಿರು, ಒಂದು ಕಂದು, ಒಂದಕ್ಕೆ ಎಣ್ಣೆ ಧೂಳು ಇರುವೆ ಗರಿ, ಒಂದಕ್ಕೆ ಪುಟ್ಟಿಯ ಬಿಳಿ ಕಲೆ, ಉಳಿದವೆಲ್ಲ ಬರಿಮೈ. ಒಂಬತ್ತರ ಸುಮಾರಿಗೆ ಆಟೋ ಬಂದು ನಿಂತಿತು. ಅಕ್ಕ ಇಳಿದಳು. ನಾಲ್ಕು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ಅಕ್ಕಾರ" ಎನ್ನುತ್ತ ರೇಖಾ ಬಾಗಿಲಿಗೆ ಬಂದಳು. ಅಕ್ಕ ಒಳಗೆ ಬರಲಿಲ್ಲ. ಚೀಲವನ್ನು ಗೇಟಿನ ಹತ್ತಿರ ಕೆಳಗಿಟ್ಟು, ಚಾಳೀಸು ಕನ್ನಡಕ ಹಾಕಿಕೊಂಡಳು.

ಮೊದಲ ಹಲಗೆಯ ತಗ್ಗಿನಲ್ಲಿ ಹೆಬ್ಬೆರಳಿಟ್ಟಳು. ಮುಂದಕ್ಕೆ ಹೋದಳು, ಇನ್ನೊಂದು ಸಿಕ್ಕಿತು. ನಾನು ಹೇಳಬೇಕಾಗಿಯೇ ಇರಲಿಲ್ಲ, ಏಳನ್ನೂ ಅವಳೇ ಹುಡುಕಿದಳು. ಐದನೆಯದರ ಹತ್ತಿರ ನಿಂತು, "ಇದು ತಲಿಕೆಳಗ ಆಗ್ಯದ" ಎಂದಳು.

"ಹ್ಯಾಂಗ ಗೊತ್ತಾತು?" ಎಂದೆ.

"ಬಲಗಡಿ ಹಗ್ಗ ಯಾವಾಗಲೂ ಜಾಸ್ತಿ ಕೊರೀತಿತ್ತು. ನೀ ಒಂದ ಕಡಿಂದ ನೂಕ್ತಿದ್ದಿ."

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ನಂದ ತಪ್ಪಾತು. ನಿನ್ನ ಕೇಳಬೇಕಿತ್ತು" ಎಂದೆ. ನಾಲ್ಕು ವರ್ಷ ಹೇಳಲಾಗದೆ ಇದ್ದದ್ದು ಇಷ್ಟೇ ಎರಡು ಮಾತು.

"ಕೇಳಿದ್ರ ನಾ ಬ್ಯಾಡ ಅಂತಿದ್ದೆ" ಎಂದಳು. "ಗ್ವಾಡಿ ಬೀಳಾಕತ್ತಿತ್ತು, ಅದೂ ನನಗ ಗೊತ್ತಿತ್ತು. ಆದ್ರೂ ಕೇಳಬೇಕಿತ್ತು."

"ಆ ಹೊಸ ಹಗ್ಗ?" ಎಂದು ಏನೋ ಒಂದು ಕೇಳಿದೆ.

"ಎಮ್ಮಿಗಿ ಕಟ್ಟೀನಿ. ಏನ ಮಾಡ್ಲಿ?"

ಅಷ್ಟರಲ್ಲಿ ಅವಳ ಕೈ ಎಣ್ಣೆಯ ಹಲಗೆಗೆ ತಾಗಿತು. ಬೆರಳು ಅಂಟಿತು. ಮೂಗಿನ ಹತ್ತಿರ ತಂದು ಮೂಸಿ ನೋಡಿದಳು.

"ಕುಸುಬಿ ಎಣ್ಣಿ ಏನೋ ಇದು?"

"ಹೂಂ."

"ಕಾಸಿ ಹಚ್ಚೀಯೋ, ಹಸೀದ ಹಚ್ಚೀಯೋ?"

ಕಾಸಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಅಕ್ಕ ತಲೆ ಅಲ್ಲಾಡಿಸಿದಳು. "ಅವ್ವ ತಾಸಗಟ್ಲೆ ಬಾಣಲ್ಯಾಗ ಕಾಸತಿದ್ಲು. ಬೇವಿನ ಎಲಿ ಹಾಕಿದ್ರ ಚಟಚಟ ಅನ್ನೂದು ನಿಂತು ಕರಿ ಆಗಬೇಕು. ಆಮ್ಯಾಲ ಹಚ್ಚಿದ್ರ ಕಟ್ಟಿಗಿ ಕುಡೀತದ, ಒಣಗತದ. ನೀ ಎಲ್ಲಿ ನೋಡಿದ್ದಿ? ಉಂಡಿ ತಿನ್ನೂದರಾಗ ಇದ್ದಿ." ಆ ಹಬ್ಬದ ಸುಟ್ಟ ವಾಸನೆ ಏನೆಂದು ಇಷ್ಟು ವಯಸ್ಸಿಗೆ ನನಗೆ ತಿಳಿಯಿತು.

ರೇಖಾ ಬಾಗಿಲಿನಿಂದಲೇ ಕೇಳಿದಳು, "ಬಾಣಲಿ ಇಡಲೇನ್ರಿ ಅಕ್ಕಾರ? ಎಣ್ಣಿ ಇನ್ನೂ ಅದ."

ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಮೊದಲು ಆ ಮಷೀನಿನ ದಿನ ಇತ್ತು, ಆಮೇಲೆ ಅದು ಮೆಲ್ಲಗೆ ಸರಿಯಿತು. "ಪಂಚಮಿ ದಿನ ಬಾಣಲಿ ಒಲಿ ಮ್ಯಾಲ ಇಡತಾರೇನವಾ?" ಎಂದಳು. "ನಾಳೆ ಕಾಸೂಣು. ಏಳೂ ಹಲಗಿಗಿ ನಾನ ಹಚ್ಚತೀನಿ. ಇವಗ ಕೊಟ್ರ ಇರಬಿ ಉಣ್ಣಸ್ತಾನ."

ನಾಳೆ ಎಂದಳು. ನಾನು, ರೇಖಾ ಇಬ್ಬರೂ ಕೇಳಿಸಿಕೊಂಡೆವು. ಐದರ ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಅವಳ ಚೀಲ ಎತ್ತಿಕೊಂಡೆ. ಬಗ್ಗಿದಾಗ ಬಣ್ಣದ ಕಾರ್ಡು ಜೇಬಿನಿಂದ ಜಾರಿ ಕೆಳಗೆ ಬಿತ್ತು, ಬಿದ್ದಲ್ಲೇ ಬಿಟ್ಟೆ.

ಒಳಗೆ ಹೋಗಿ ನೀರು ಕುಡಿದು ಕೂತವಳೇ ಅಕ್ಕ ವಳಸಂಗಕ್ಕೆ ಫೋನ್ ಹಚ್ಚಿದಳು. ಆ ಕಡೆಯವರು ಎಷ್ಟು ಗಂಟೆಗೆ ಬರುತ್ತೀ ಎಂದು ಕೇಳಿರಬೇಕು.

"ಇವತ್ತ ಬರೂದಿಲ್ಲ" ಎಂದಳು. "ತವರಮನಿಗಿ ಬಂದೀನಿ."